ಮಟಕಿಯ ಏಳು ಬಾಗಿಲ ಕೋಟೆ

ಸರಸಂಬಾದ ಸುಭದ್ರಾಬಾಯಿ ಮದುವೆಯಾಗಿ ಕರಜಗಿಗೆ ಹೋದದ್ದು ಹದಿನೇಳಕ್ಕೆ, ತಿರುಗಿ ಬಂದದ್ದು ಇಪ್ಪತ್ತಮೂರಕ್ಕೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಅಣ್ಣ ಗುರಣ್ಣನ ಮನೆಯಲ್ಲಿ ಅವಳಿಗೆ ಕಸ ಮುಸುರೆ ಕಾದಿದ್ದವು. ಮದುವೆಗೆ ಮೊದಲೇ ಮೆಟ್ರಿಕ್ ಪಾಸಾಗಿದ್ದಳು. ೧೯೮೧ರಲ್ಲಿ ಹತ್ತಿರದ ಮಟಕಿಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವ ಕೇಂದ್ರ ತೆರೆದಾಗ, ಬೇರೆ ಯಾರೂ ಸಿಗದೆ ಅವಳನ್ನೇ ತೆಗೆದುಕೊಂಡರು.

ಕೇಂದ್ರವೆಂದರೆ ಹನುಮಂತ ದೇವರ ಗುಡಿಯ ಪೌಳಿ, ಮಧ್ಯಾಹ್ನ ಎರಡು ತಾಸು. ಹೊಲದಿಂದ ಬಂದ ಹೆಂಗಸರು ಪಾಟಿ ಹಿಡಿದು ಕೂತಲ್ಲೇ ತೂಕಡಿಸುತ್ತಿದ್ದರು. ಕಲಿತ ಅಕ್ಷರ ಮರುವಾರಕ್ಕೆ ಮರೆತು ಹೋಗುತ್ತಿತ್ತು. ಆರು ತಿಂಗಳಲ್ಲಿ ಹದಿನೆಂಟು ಜನ ಮೂವರಾದರು. ನಡುವಯಸ್ಸಿನ ಹಣಮವ್ವ, ಆ ವರ್ಷವಷ್ಟೇ ಊರಿಗೆ ಸೊಸೆಯಾಗಿ ಬಂದ ನಿಂಬೆವ್ವ, ಮತ್ತು ಮೆಟ್ಟಿಲ ಕೆಳಗೆ ಬಿಸಿಲಲ್ಲೇ ಕೂರುತ್ತಿದ್ದ ಮರೆಮ್ಮ. ಮರೆಮ್ಮನ ಕೇರಿಯವರು ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಹತ್ತು ಎಂದು ಹೇಳುವ ಧೈರ್ಯ ಸುಭದ್ರಾಬಾಯಿಗೂ ಇರಲಿಲ್ಲ.

ಆಳಂದದಲ್ಲಿ ಅಬ್ದುಲ್ ಗನಿಯ ರದ್ದಿ ಅಂಗಡಿಗೆ ಅವಳು ಆಗಾಗ ಹಳೆಯ ಪುಸ್ತಕ ಹುಡುಕಿಕೊಂಡು ಹೋಗುತ್ತಿದ್ದಳು. ಒಮ್ಮೆ ಪರದೇಶದ ರದ್ದಿಯಲ್ಲಿ ತೆಳ್ಳನೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಹೊದಿಕೆಯ ಮೇಲೆ ಬೆಂಕಿಯುಗುಳುವ ರೆಕ್ಕೆಯ ಸರ್ಪ, ಅದರೆದುರು ದೀಪ ಹಿಡಿದ ಮೂವರು.

"ಕಥಿ ಅಲ್ರಿ ಬಾಯಾರ, ಯಾವುದೋ ಆಟದ್ದು ಕಾಣ್ತದ. ಒಯ್ರಿ," ಅಂದ ಅಬ್ದುಲ್ ಗನಿ.

ಡಿಕ್ಷನರಿ ಹಿಡಿದು ಅದನ್ನು ಓದಲು ಅವಳಿಗೆ ಮೂರು ತಿಂಗಳು ಹಿಡಿಯಿತು. ಎಂದೂ ಆಡದವರಿಗಾಗಿಯೇ ಬರೆದ ಆಟವದು. ಒಬ್ಬರು ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಜನರಾಗಿ, ಮುಂದೆ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಅವಳು ದಾಳದ ಬದಲು ಕವಡೆ ತಂದಳು. ಏಳು ಬಾಗಿಲಿನ ಒಂದು ಕೋಟೆಯನ್ನು ತಾನೇ ಕಟ್ಟಿ ನೋಟುಬುಕ್ಕಿನಲ್ಲಿ ಬರೆದಳು. ಒಬ್ಬೊಬ್ಬರ ಬಳಿ ಇರುವ ಸಾಮಾನುಗಳನ್ನು ರಟ್ಟಿನ ಮೇಲೆ ಬರೆದು ಕೊಟ್ಟಳು: ಕತ್ತಿ, ಹಗ್ಗ, ಕಂದೀಲು, ರೊಟ್ಟಿ. ಹೆಸರು ಓದಿದರೆ ಮಾತ್ರ ಸಾಮಾನು ಕೈಗೆ ಬರುತ್ತಿತ್ತು.

"ಕ್ವಾಟಿ ಬಾಗಲ ಅರ್ಧ ತೆರದದ. ಒಳಗ ಕತ್ತಲ. ಏನು ಮಾಡ್ತೀರಿ?"

"ಮನಿಗಿ ಹೋಗ್ತೇವ್ರಿ ಅಕ್ಕೋರ," ಅಂದಳು ಹಣಮವ್ವ.

"ಒಳಗ ನೋಡಂಗಿಲ್ಲೇನು?"

"ಯಾರನ್ನ ಕೇಳಿ ನೋಡಬೇಕ್ರಿ?"

"ಯಾರನ್ನೂ ಕೇಳೋದಿಲ್ಲ. ನೀ ಹೇಳಿದ್ದೇ ಆಗ್ತದ."

ಹಣಮವ್ವ ನಿಂಬೆವ್ವನ ಮುಖ ನೋಡಿದಳು. ಮೆಟ್ಟಿಲ ಕೆಳಗಿನಿಂದ ಮರೆಮ್ಮ, ರಟ್ಟಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, "ಕಂ-ದೀ-ಲು" ಎಂದು ಓದಿದಳು. "ನಾ ಮುಂದ ಹೋಗ್ತೇನ್ರಿ. ಇವರು ನನ್ನ ಹಿಂದ ಬರ್ಲಿ."

ಕವಡೆ ಎಸೆಯುವಾಗ ಎಲ್ಲರ ಕೈಗೂ ಎಟಕುವಂತೆ ಸುಭದ್ರಾಬಾಯಿಯೇ ಕೆಳಗಿನ ಮೆಟ್ಟಿಲಿಗೆ ಇಳಿದು ಕೂತಳು. ಆ ಎರಡು ತಿಂಗಳು ಯಾರೂ ತೂಕಡಿಸಲಿಲ್ಲ. ಮೂವರೂ ತಮ್ಮ ತಮ್ಮ ರಟ್ಟನ್ನು ಪೂರ್ತಿ ಓದುವಂತಾದರು.

ಮೂರನೆಯ ಬಾಗಿಲೊಳಗೆ ಒಬ್ಬ ರಾಕ್ಷಸಿ ಇದ್ದಳು. ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಮಾತ್ರ ಜೀವ ಉಳಿಯುತ್ತದೆ ಎಂದು ಹೆದರಿಸುತ್ತಿದ್ದಳು. ಅದುವರೆಗೆ ಗಟ್ಟಿಯಾಗಿ ಉಸಿರೂ ಬಿಡದಿದ್ದ ನಿಂಬೆವ್ವ ಎದ್ದು ನಿಂತಳು.

"ನಾ ಹಿಂದಕ್ಕ ಹೋಗಂಗಿಲ್ಲ! ಸತ್ತರೂ ಆ ಮನಿಗಿ ಹೋಗಂಗಿಲ್ಲ!"

ರಾಕ್ಷಸಿ ಹೇಳಿದ್ದು ದಾರಿಯ ಮಾತು. ಮನೆಯ ಸುದ್ದಿ ಎತ್ತಿರಲಿಲ್ಲ. ಸುಭದ್ರಾಬಾಯಿ ಏನನ್ನೂ ಕೇಳುವ ಮೊದಲೇ ನಿಂಬೆವ್ವನ ಅತ್ತೆ ಪೌಳಿಯ ಬದಿಯಲ್ಲಿ ಕೊಡ ಇಳಿಸಿದ್ದು ಕಾಣಿಸಿತು. ಆಕೆ ಸೊಸೆಯ ರಟ್ಟೆ ಹಿಡಿದು ಕರೆದೊಯ್ದಳು.

ನಾಲ್ಕನೆಯ ದಿನ ಕೇಂದ್ರದ ಮೇಲ್ವಿಚಾರಕ ಬಂದ. ಜೊತೆಗೆ ಊರ ಹಿರಿಯ ದೇವೀಂದ್ರಪ್ಪ, ಹತ್ತು ಹನ್ನೆರಡು ಗಂಡಸರು. ಗುಡಿಯಲ್ಲಿ ಕವಡೆ ಜೂಜು ನಡೆಯುತ್ತಿದೆ, ಮನೆ ಬಿಡುವುದನ್ನು ಹೆಂಗಸರಿಗೆ ಕಲಿಸುತ್ತಿದ್ದಾರೆ ಎಂದು ಅರ್ಜಿ ಹೋಗಿತ್ತು.

"ಜೂಜಲ್ರಿ ಸಾಹೇಬ್ರ. ಇವರಿಗಿ ಓದಾಕ ಬರ್ತದ. ಕೇಳಿ ನೋಡ್ರಿ," ಅಂದಳು ಸುಭದ್ರಾಬಾಯಿ.

ಆತ ಹಲಗೆಯ ಮೇಲೆ ಒಂದು ಸಾಲು ಬರೆದು ಹಣಮವ್ವನನ್ನು ಕರೆದ. ಅಷ್ಟು ಗಂಡಸರ ನಡುವೆ ಅವಳು ಸೆರಗು ಮುಖಕ್ಕೆಳೆದುಕೊಂಡು ನಿಂತಳು. "ನನಗ ಬರಂಗಿಲ್ರಿ," ಅಂದಳು.

"ನಾ ಓದ್ತೇನ್ರಿ," ಎಂದು ಕೆಳಗಿನಿಂದ ದನಿ ಬಂತು.

"ನಿನ್ನ ಯಾರು ಕೇಳ್ಯಾರ ಬೇ?" ಅಂದ ದೇವೀಂದ್ರಪ್ಪ, ತಿರುಗಿಯೂ ನೋಡದೆ. ಸುಭದ್ರಾಬಾಯಿ ಮೇಲ್ವಿಚಾರಕನ ಮುಖ ನೋಡಿದಳು. ಆತ ಹಲಗೆ ಒರೆಸಿ, ಕವಡೆ, ರಟ್ಟು, ನೋಟುಬುಕ್ಕು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡ.

ಕೇಂದ್ರ ಮುಚ್ಚಿತು. ನಿಂಬೆವ್ವನನ್ನು ಗಂಡ ಸೊಲ್ಲಾಪುರಕ್ಕೆ ಕರೆದೊಯ್ದನಂತೆ. ಅಲ್ಲಿಂದ ಮುಂದೆ ಅವಳ ಸುದ್ದಿ ತವರಿನವರಿಗೂ ಸಿಗಲಿಲ್ಲ. ಮರೆಮ್ಮನನ್ನು ಊರಿನ ಯಾರೂ ಕೂಲಿಗೆ ಕರೆಯದಾದರು. ವಿಷಯ ತಿಳಿದು ಸುಭದ್ರಾಬಾಯಿ ಅವಳ ಗುಡಿಸಲಿಗೆ ಹೋದಾಗ, ಗಂಡ ಹೆಂಡತಿ ಶಹಾಬಾದದ ಕಲ್ಲುಗಣಿಗೆ ಹೊರಟು ಗಂಟು ಕಟ್ಟುತ್ತಿದ್ದರು.

"ತಪ್ಪಾತು ಮರೆಮ್ಮ," ಅಂದಳು.

"ಮತ್ತ ಬರಬ್ಯಾಡ್ರಿ ಅಕ್ಕೋರ. ನೀವು ಬಂದಷ್ಟೂ ನಮಗ ತ್ರಾಸ." ಮರೆಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಸುಭದ್ರಾಬಾಯಿಗೆ ಅನಿಸಿತು.

ಆಮೇಲೆ ಅವಳು ಆಳಂದಕ್ಕೆ ಹೋಗುವುದನ್ನೇ ಬಿಟ್ಟಳು. ಹತ್ತು ವರ್ಷ ಅಣ್ಣನ ಮನೆಯ ಹಿತ್ತಲಿಗೂ ಒಲೆಗೂ ನಡುವೆ ಕಳೆದವು. ಸಂತೆಯ ಪೊಟ್ಟಣದ ಕಾಗದವನ್ನೂ ಓದದೆ ಒಲೆಗೆ ಹಾಕುತ್ತಿದ್ದಳು.

೧೯೯೨ರಲ್ಲಿ ಮತ್ತೆ ಅಕ್ಷರದ ಆಂದೋಲನ ಬಂತು. ಪಟ್ಟಿ ಹಿಡಿದು ಒಬ್ಬ ಮಾಸ್ತರ ಮನೆಮನೆ ತಿರುಗುತ್ತಿದ್ದ.

"ಓದು ಬರಲಾರದವರು ಯಾರರ ಅದಾರೇನ್ರಿ?"

ಸುಭದ್ರಾಬಾಯಿ ಬೀಸುವ ಕಲ್ಲಿನ ಮುಂದೆ ತೊಗರಿ ಒಡೆಯುತ್ತ ಕೂತಿದ್ದಳು. "ನಾ ಅದೇನಿ. ಬರ್ಕೋರಿ."

ಒಳಗಿನಿಂದ ಅತ್ತಿಗೆ ಗುರುಬಾಯಿ ಬಂದು ಬಾಗಿಲಲ್ಲಿ ನಿಂತಳು. "ಹುಚ್ಚಿ, ನೀ ಕಲ್ತಾಕಿ ಅಲ್ಲೇನು?"

ಮಾಸ್ತರ ಹೆಸರು ಬರೆದುಕೊಂಡು ಶಾಯಿಯ ಡಬ್ಬಿ ಮುಂದೆ ಹಿಡಿದ. ಸುಭದ್ರಾಬಾಯಿ ತೊಗರಿಯ ಧೂಳು ಮೆತ್ತಿದ್ದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಶಾಯಿಗದ್ದಿ, ಅವನು ತೋರಿಸಿದಲ್ಲಿ ಒತ್ತಿದಳು.