ಹೆಗಲ ಮೇಲಿನ ಹೊಸ ಕಂಬಳಿ

ಔರಾದಿನಲ್ಲಿ ಓಡಿಹೋದವರ ಕತೆಗಳಿಗೆ ಬರವಿಲ್ಲ. ಬಸ್ ನಿಲ್ದಾಣದ ಎದುರಿಗೇ ನನ್ನ ಹೊಲಿಗೆ ಅಂಗಡಿ ಇರುವುದರಿಂದ ಅರ್ಧ ಕತೆಗಳು ನನ್ನ ಕಣ್ಣ ಮುಂದೆಯೇ ನಡೆದಿವೆ. ಹುಡುಗಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬರುತ್ತಾಳೆ, ಹುಡುಗ ಫೋನ್ ಬಂದ್ ಮಾಡುತ್ತಾನೆ, ಇಬ್ಬರೂ ಕೋಳಿ ಕದ್ದವರ ಹಾಗೆ ಆಚೀಚೆ ನೋಡುತ್ತ ಬಸ್ ಹತ್ತುತ್ತಾರೆ. ಪ್ರೀತಿ ಮಾಡುವಾಗ ಇದ್ದ ಧೈರ್ಯ ಟಿಕೆಟ್ ತೆಗೆಸುವಾಗ ಎಲ್ಲಿ ಹೋಗುತ್ತದೋ ಎಂದು ನನಗೆ ಸಿಟ್ಟು ಬರುತ್ತದೆ. ಹಾಗೆ ಹೋಗದವಳು ಚಂದ್ರಭಾಗಾ ಒಬ್ಬಳೇ.

ಚಂದ್ರಭಾಗಾ ಊರ ಹೊರಗಿನ ಹಟ್ಟಿಯ ಕುರಿಗಾರ ಮಡೆಪ್ಪನ ಮಗಳು. ಕುರಿ ಕಾಯುವುದು ಅವಳದೇ ಕೆಲಸ. ಮಧ್ಯಾಹ್ನ ಅತ್ತಿಗೆ ಮನಿಷಾ ಕುರಿ ನೋಡಿಕೊಂಡರೆ ನನ್ನ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಬಹಳ ಹೊತ್ತು ನೋಡುವಳು. ಒಮ್ಮೆ ಹಾಕಿದಳೆಂದರೆ ನಡುವೆ ನಿಲ್ಲಿಸುವವಳಲ್ಲ.

ಅವಳ ಮನಸ್ಸು ಕೂತದ್ದು ಶಿವಕಾಂತನ ಮೇಲೆ. ಭಾಲ್ಕಿಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಹುಡುಗ ಅವನು. ಮಡೆಪ್ಪನ ಹೊಲದ ಮೋಟಾರು ರಿಪೇರಿಗೆ ಬಂದವನು ಹಟ್ಟಿಯ ನಾಯಿಗೆ ಹೆದರಿ ಬಾವಿಕಟ್ಟೆ ಹತ್ತಿ ಕೂತನಂತೆ. ಇವಳು ನಾಯಿ ಹಿಡಿದು ಅವನನ್ನು ಇಳಿಸಿದಳು. ಅಂದಿನಿಂದ ಅವನು ಇವಳು ಹೇಳಿದ ಕಡೆ ಇಳಿಯುತ್ತಾನೆ, ಹೇಳಿದ ಕಡೆ ಹತ್ತುತ್ತಾನೆ. ಅವರದು ಕೊರಳಲ್ಲಿ ಲಿಂಗ ಕಟ್ಟುವ ಮನೆ, ಇವರದು ಬೀರಪ್ಪನ ಒಕ್ಕಲು. ಬಸವಣ್ಣನ ಹೆಸರು ಹೇಳುವ ಮನೆಯಲ್ಲಿ ಕುಲ ಕೇಳಿದರೆ ಜನ ನಗುತ್ತಾರೆಂದು ಅವನ ತಾಯಿ ಗೊಣಗುತ್ತಲೇ ಒಪ್ಪಿದಳು. ಮಡೆಪ್ಪ ಮಾತ್ರ ಒಪ್ಪಲಿಲ್ಲ. ಚಂದ್ರಭಾಗಾ ಎರಡು ಸಲ ನೇರವಾಗಿ ಕೇಳಿದಳು. ಎರಡನೆಯ ಸಲ ಅವನು, ಇನ್ನೊಮ್ಮೆ ಆ ಮಾತೆತ್ತಿದರೆ ಕಾಲು ಮುರಿದು ಮನೆಯಲ್ಲಿ ಕೂರಿಸುತ್ತೇನೆ ಎಂದ. ಅವಳು ಮತ್ತೆ ಕೇಳಲಿಲ್ಲ.

ನಾನು ನನಗೆ ತಿಳಿದ ದಾರಿ ಹೇಳಿದೆ. ರಾತ್ರಿ ಎದ್ದು ಹೋಗಿಬಿಡು, ಭಾಲ್ಕಿಯಲ್ಲಿ ರೈಲು ಹತ್ತು, ಆಮೇಲೆ ಎಲ್ಲ ತಣ್ಣಗಾಗುತ್ತದೆ ಅಂದೆ. ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಓಡ್ಲಾಕ ನಾ ಏನು ಕಳವು ಮಾಡೀನೇನ್ರಿ ಅಕ್ಕಾ? ಹಗಲಿನ್ಯಾಗ ನಡ್ಕೋತ ಹೋಗ್ತೇನಿ. ಯಾರ ಎದಿನೂ ಡವಡವ ಹೊಡ್ಕೋಬಾರದು, ನಂದೂ."

ಅಲ್ಲಿಂದ ಅವಳ ತಯಾರಿ ಶುರುವಾಯಿತು. ಕುರಿ ಈಯುವ ಕಾಲ ಮುಗಿಯಲಿ, ಉಣ್ಣೆ ಕತ್ತರಿಸುವುದೂ ಮುಗಿಯಲಿ ಅಂದಳು. ಅವ್ವ ಲಲಿತಾಬಾಯಿಯ ಬಿ.ಪಿ. ಗುಳಿಗೆ ಮುಂಚಿತವಾಗಿ ತಂದಿಟ್ಟಳು. ಯಾವ ಕುರಿ ಮುಳ್ಳುಬೇಲಿ ಹಾರುತ್ತದೆ, ಯಾವುದರ ಕಾಲು ಸೊಟ್ಟ ಎಂಬುದನ್ನೆಲ್ಲ ಮನಿಷಾಳಿಗೆ ಕಲಿಸಿದಳು. ಇಷ್ಟು ಸಮಾಧಾನದಿಂದ ಮನೆ ಬಿಡುವವರನ್ನು ನಾನು ಕಂಡಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹಟ. ಅವರ ಜನದಲ್ಲಿ ಮದುಮಕ್ಕಳು ಮನೆಯ ಕುರಿಯ ಉಣ್ಣೆಯಲ್ಲೇ ನೇಯ್ದ ಕಂಬಳಿಯ ಮೇಲೆ ಕೂರಬೇಕು. ಕಂಬಳಿ ಇಲ್ಲದ ಲಗ್ನ, ಯಾವ ಕಚೇರಿಯ ಮೊಹರು ಬಿದ್ದರೂ, ಅವಳ ಲೆಕ್ಕದಲ್ಲಿ ಲಗ್ನವಲ್ಲ. ತಾಯಿ ಸತ್ತ ಮರಿಯೊಂದನ್ನು ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಸಕ್ಕರಿ ಎಂದು ಅದರ ಹೆಸರು. ಈಗ ಬೆಳೆದು ಇಡೀ ಹಿಂಡಿಗೆ ಅದೇ ಮುಂದಾಳು. ಸಕ್ಕರಿಯ ಉಣ್ಣೆಗೆ ಹಿಂಡಿನ ಉಣ್ಣೆ ಕೂಡಿಸಿ ಅಪ್ಪನ ಎದುರಿಗೇ ಕೂತು ನೂತಳು, ನೂಲು ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ತಾನೇ ಕಾಯಿಸಿ ನೇಕಾರನಿಗೆ ಕೊಟ್ಟು ನೇಯಿಸಿದಳು. ಕುರಿಗಾರನ ಮಗಳು ಕಂಬಳಿ ನೇಯಿಸಿದರೆ ಯಾಕೆಂದು ಯಾರು ಕೇಳುತ್ತಾರೆ?

ಉಪಾಯ ಸರಳವಾಗಿತ್ತು. ದಿನಾ ಕುರಿ ಬಿಡುವ ಹೊತ್ತಿಗೇ, ಎಂದಿನಂತೆ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಡುವುದು. ಕೈಯಲ್ಲಿ ಚೀಲವಿಲ್ಲ, ಕೇಳುವವರಿಲ್ಲ. ಕುರಿಗಳನ್ನು ಆಮೇಲೆ ಬಿಡುವಂತೆ ಮನಿಷಾಳಿಗೆ ಹೇಳಿಟ್ಟಿದ್ದಳು. ಬೀದರಿನ ಒಂದು ಬಸವ ಮಂಟಪದಲ್ಲಿ ಶಿವಕಾಂತ ಕಾದಿರುತ್ತಾನೆ, ಸಾಕ್ಷಿಗೆ ನಾನು ಜೊತೆಗೆ ಹೋಗುತ್ತೇನೆ.

ಆ ದಿನ ನಾನು ಬೀದರ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಟವೆಲ್ ಹಾಸಿ ಕೂತಿದ್ದೆ. ಅವಳು ಬಂದಳು, ಹಸಿರು ಸೀರೆ, ಹೆಗಲ ಮೇಲೆ ಹೊಸ ಕಂಬಳಿ, ಮುಖದಲ್ಲಿ ಒಂದಿಷ್ಟೂ ಗಾಬರಿ ಇಲ್ಲ. ಅವಳ ಹಿಂದೆ ಸಕ್ಕರಿ ಬಂತು. ಸಕ್ಕರಿಯ ಹಿಂದೆ ಇಡೀ ಹಿಂಡು ಬಂತು.

ಆದದ್ದು ಇಷ್ಟು. ಕಂಬಳಿ ಹೆಗಲಿಗೇರಿತೆಂದರೆ ಮೇಯಲು ಹೊರಡಬೇಕು, ಇದು ಕುರಿಗಳಿಗೆ ಹುಟ್ಟಿದಾಗಿನಿಂದ ಗೊತ್ತಿರುವ ಪಾಠ. ಮಗಳು ಹೊರಟದ್ದನ್ನು ದೂರದಿಂದ ಕಂಡ ಮಡೆಪ್ಪ, ದೊಡ್ಡಿಯ ಬಾಗಿಲು ತೆಗೆಯಲು ಮರೆತಳೆಂದುಕೊಂಡು ತಾನೇ ತೆಗೆದಿದ್ದ. ಮನುಷ್ಯರನ್ನೆಲ್ಲ ಲೆಕ್ಕ ಹಾಕಿದವಳು ಕುರಿಗಳನ್ನು ಮರೆತಿದ್ದಳು. ದಾರಿಯುದ್ದಕ್ಕೂ ಗಂಟೆ ಸದ್ದು ಕೇಳಲಿಲ್ಲವೇನೇ ಎಂದು ಆಮೇಲೆ ಬೈದೆ. ಜೀವಮಾನವೆಲ್ಲ ಬೆನ್ನ ಹಿಂದೆ ಕೇಳಿದ ಸದ್ದು, ಅದು ನಿಂತಿದ್ದರೆ ತಿರುಗಿ ನೋಡುತ್ತಿದ್ದೆ ಅಂದಳು.

ಕುರಿಗಳು ಬಸ್ಸನ್ನು ಸುತ್ತುವರಿದವು. ಕಂಡಕ್ಟರ್ ನಬೀಸಾಬ, ಅಕ್ಕನವರ ಮದುವೆಯ ಬರಾತ್ ಜೋರಾಗಿದೆ ಎಂದು ಚೇಷ್ಟೆ ಮಾಡಿದ. ಪಾಪ, ಅವನಿಗೇನು ಗೊತ್ತು? ನಾನು ಕಿಟಕಿಯಿಂದ ತಲೆ ಹೊರಹಾಕಿದೆ. ಹತ್ತಿಬಿಡು, ಕುರಿಗಳಿಗೆ ಮನೆ ದಾರಿ ಗೊತ್ತು ಅಂದೆ.

ಅವಳು ರಸ್ತೆ ನೋಡಿದಳು. ಕಬ್ಬಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು.

"ಬಿಟ್ಟು ಹೋದ್ರ ಲಾರಿ ಕೆಳಗ ಹೋಗ್ತಾವ್ರಿ. ಆಮ್ಯಾಲ ಇವುರ ಉಣ್ಣಿ ಮ್ಯಾಲ ನಾ ಹ್ಯಾಂಗ ಕುಂದರ್ಲಿ?"

ಅಲ್ಲಿಯೇ ಶಿವಕಾಂತನಿಗೆ ಫೋನ್ ಮಾಡಿ, ಮುಂದಿನ ಬಸ್ಸಿಗೆ ಬರುತ್ತೇನೆ, ಅಷ್ಟರಲ್ಲಿ ಚಹಾ ಕುಡಿಯಿರಿ ಎಂದಳು. ಏನಾಯಿತು, ಏನಾಯಿತು ಎಂದು ಅವನು ಕೇಳುವುದು ನನಗೂ ಕೇಳಿಸಿತು. ಹಿಂಡನ್ನು ತಿರುಗಿಸಿಕೊಂಡು ಹಟ್ಟಿಯ ಕಡೆ ನಡೆದಳು. ಬೈಯುತ್ತ ನಾನೂ ಹಿಂದೆ ಹೋದೆ. ಹುಲಿ ಬಾಯಿಗೆ ತಾನಾಗಿ ಹೋಗುವವಳನ್ನು ಒಬ್ಬಳನ್ನೇ ಕಳಿಸಲಾಗುತ್ತದೆಯೇ?

ತೊಗರಿ ಹೊಲದ ಹತ್ತಿರ ಮಡೆಪ್ಪ ಎದುರಾದ. ಹಿಂಡು ಊರ ಕಡೆ ಹೋದದ್ದು ತಿಳಿದು ಕೋಲು ಹಿಡಿದು ಬಂದಿದ್ದ. ಅವನು ಮೊದಲು ಸೀರೆ ನೋಡಿದ, ಆಮೇಲೆ ಕಂಬಳಿ. ಹೊಸ ಕಂಬಳಿ ಹೊದ್ದು ಯಾರೂ ಕುರಿ ಮೇಯಿಸಲು ಹೋಗುವುದಿಲ್ಲ. ಅವನಿಗೆ ತಿಳಿಯಿತು.

"ಅಪ್ಪಾ, ಕುರಿ ಒಪ್ಪಿಸ್ಲಾಕ ಬಂದೀನಿ," ಅಂದಳು. "ನಾ ಬೀದರಕ್ಕ ಲಗ್ನ ಆಗ್ಲಾಕ ಹೊಂಟೀನಿ. ನೀ ಕಾಲು ಮುರಿದ್ರ ಕುಂಟ್ಕೋತ ಹೋಗ್ತೇನಿ."

ಕೋಲು ಅವನ ಕೈಯಲ್ಲೇ ಇತ್ತು. ನಾನು ಕಣ್ಣು ಮುಚ್ಚಿದೆ, ಸುಳ್ಳು ಯಾಕೆ ಹೇಳಲಿ. ಏಟಿನ ಸದ್ದು ಕೇಳಿಸದಿದ್ದಾಗ ತೆರೆದೆ. ಮಡೆಪ್ಪ ನಾಲಿಗೆ ಲೊಚಗುಟ್ಟಿ ಹಿಂಡನ್ನು ಕರೆಯುತ್ತಿದ್ದ. ಒಂದೂ ಕದಲಲಿಲ್ಲ. ಇವಳು ಒಂದು ಹೆಜ್ಜೆ ಹಿಂದೆ ಸರಿದರೆ ಸಕ್ಕರಿಯೂ ಒಂದು ಹೆಜ್ಜೆ, ಜೊತೆಗೆ ಹಿಂಡೂ ಒಂದು ಹೆಜ್ಜೆ.

ಚಂದ್ರಭಾಗಾ ಕಂಬಳಿಯನ್ನು ತೆಗೆದು ಅಪ್ಪನ ಹೆಗಲಿಗೆ ಹಾಕಿದಳು. ಅದು ಹೆಗಲಲ್ಲಿದ್ದರೆ ಕುರಿಗಳು ಅವನ ಹಿಂದೆ ಹೋಗುತ್ತವೆ. ವರ್ಷವಿಡೀ ನೂತದ್ದನ್ನು ಹೀಗೆ ಬಿಟ್ಟುಕೊಟ್ಟಳಲ್ಲ ಎಂದು ನನಗೆ ಸಂಕಟವಾಯಿತು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ. ಒರೆಸಿಕೊಳ್ಳದೆ ತಿರುಗಿ ನಡೆದಳು.

"ಏ ನಿಂದ್ರು," ಎಂದ ಮಡೆಪ್ಪ.

ಅವನು ಕೋಲನ್ನು ನೆಲಕ್ಕೆ ಹಾಕಿದ್ದ. ಕಂಬಳಿಯನ್ನು ಹೆಗಲಿಂದ ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಿಚಿ ಅವಳ ಕೈಗೆ ಕೊಟ್ಟ. ಮುಖ ನೋಡಲಿಲ್ಲ. ಮೊಣಕಾಲೂರಿ ಕೂತು ಸಕ್ಕರಿಯ ಕೊರಳನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ.

"ಈಕಿನ ನಾ ಹಿಡ್ಕೋತೇನಿ. ಹಾಸುವಾಗ ಕರೀ ಅಂಚು ಮೂಡಲಕ್ಕ ಇರ್ಲಿ."

ನಾವು ನಡೆದೆವು. ಸಕ್ಕರಿ ಬಹಳ ಹೊತ್ತು ಕೂಗಿತು. ಆ ಕೂಗಿಗೆ ನನಗೆ ಅಳು ಬಂತು, ಚಂದ್ರಭಾಗಾ ಮಾತ್ರ ಕಂಬಳಿಯನ್ನು ಎದೆಗವಚಿಕೊಂಡು ಒಂದೇ ಸಮನೆ ನಡೆದಳು. ಮುಂದಿನ ಬೀದರ ಬಸ್ಸು ಹತ್ತಿದೆವು.

ಮಂಟಪದಲ್ಲಿ ಶಿವಕಾಂತ ಚಹಾ ಕುಡಿದು ಕುಡಿದು ಮುಖ ಬಾಡಿಸಿಕೊಂಡು ಕೂತಿದ್ದ. ಲಗ್ನ ಮಾಡಿಸುವ ಹಿರಿಯರು ಕಂಬಳಿ ಬಿಡಿಸಿ, ಯಾವ ಕಡೆ ಹೇಗೆ ಹಾಸಬೇಕಮ್ಮ ಎಂದು ಕೇಳಿದರು. ಕರಿಯ ಅಂಚು ಪೂರ್ವಕ್ಕಿರಲಿ ಎಂದು ಅವಳು ತಾನೇ ತಿರುಗಿಸಿ ಹಾಸಿದಳು. ವಿಚಾರಿಸುವುದು ಹಿರಿಯರ ಕರ್ತವ್ಯ. ಮನೆಯಲ್ಲಿ ಯಾರಿಗೂ ಹೇಳದೆ ಬಂದಿದ್ದೀಯಾ ತಾಯಿ ಎಂದು ಮೆಲ್ಲಗೆ ಕೇಳಿದರು.

ಚಂದ್ರಭಾಗಾ ಕಂಬಳಿಯ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು.

"ಇಲ್ರಿ," ಅಂದಳು. "ನಮ್ಮಪ್ಪನೇ ಕಳಿಸ್ಯಾನ್ರಿ."