ಅಜ್ಜಿಯನ್ನು ಮದುವೆ ವಿಡಿಯೋದೊಳಗೆ ಹತ್ತಿಸಿದ್ದು

ಇಳಕಲ್ಲಿನಲ್ಲಿ ನಾನು ಕೆಲಸಕ್ಕಿದ್ದ ಫೋಟೋ ಸ್ಟುಡಿಯೋದ ಪ್ರಕಾರ ಮದುವೆ ಎಂದರೆ ಗಂಡು-ಹೆಣ್ಣು ಹಾರಲೇಬೇಕು. ಒಮ್ಮೆ ಕಮಲದ ಹೂವಿನಿಂದ ಏಳಬೇಕು, ಒಮ್ಮೆ ತಾಜಮಹಲಿನ ಮೇಲೆ ಇಳಿಯಬೇಕು, ಕಡೆಗೆ ಎರಡು ಹಂಸಗಳ ನಡುವೆ ಗಿರಗಿರ ತಿರುಗಿ ಮಾಯವಾಗಬೇಕು. ಇಷ್ಟಿಲ್ಲದಿದ್ದರೆ ಬೀಗರು ಸಿ.ಡಿ.ಯನ್ನು ವಾಪಸ್ ತಂದು ಮೇಜಿನ ಮೇಲೆ ಕುಕ್ಕುತ್ತಿದ್ದರು. "ಏನ್ರಿ ಇದು, ಬರೇ ಮದುವೀನ ತೋರ್ಸೀರಲ್ಲ!" ಮದುವೆಯ ವಿಡಿಯೋದಲ್ಲಿ ಮದುವೆ ತೋರಿಸಿದ್ದೇ ತಪ್ಪಂತೆ. ಇಂಥವರಿಗೆ ಏನು ಹೇಳುತ್ತೀರಿ?

ಆ ಹಾರಿಸುವ ಕೆಲಸ ನನ್ನದು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮಾಲಕರು ಕ್ಯಾಮೆರಾ ಹೊತ್ತು ಹುನಗುಂದ, ಕಮತಗಿ, ಬದಾಮಿ ಎಂದು ಮದುವೆಯಿಂದ ಮದುವೆಗೆ ತಿರುಗುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂತು ಫೋಟೋಗಳಿಂದ ಮನುಷ್ಯರನ್ನು ಬಿಡಿಸುತ್ತಿದ್ದೆ. ಹಿಂದಿನ ಗೋಡೆ, ಪರದೆ, ಕುರ್ಚಿಗಳನ್ನೆಲ್ಲ ಅಳಿಸಿಬಿಟ್ಟರೆ ಆ ಜಾಗ ಪಾರದರ್ಶಕವಾಗುತ್ತದೆ. ಆಮೇಲೆ ಆ ಮನುಷ್ಯನ ಹಿಂದೆ ತಾಜಮಹಲನ್ನಾದರೂ ಇಡಿ, ಸಮುದ್ರವನ್ನಾದರೂ ಇಡಿ, ಕಾಣುತ್ತದೆ. ಹಾಗೆ ಖಾಲಿಯಾದ ಜಾಗವನ್ನು ಕಂಪ್ಯೂಟರ್ ಬಿಳಿ-ಬೂದು ಚೌಕಡಿಯಾಗಿ ತೋರಿಸುತ್ತಿತ್ತು. ನಾನೋ ನೇಕಾರರ ಮನೆಯವಳು. ಮೊದಲ ದಿನ ಅದನ್ನು ನೋಡಿ, "ಇವರ ಹಿಂದ ಚೌಕಡಿ ಸೀರಿ ಯಾಕ ಕಟ್ಟೀರ್ರಿ?" ಎಂದು ಕೇಳಿಬಿಟ್ಟೆ. ಮಾಲಕರು ಬಂದವರಿಗೆಲ್ಲ ಅದನ್ನು ಹೇಳಿ ಹೇಳಿ ನಕ್ಕರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೂ ಕೆಲಸ ಕಲಿಯುವವರೆಗೆ ತಡೆದುಕೊಂಡೆ.

ಆ ವರ್ಷವೇ ನಮ್ಮ ಓಣಿಯ ನನ್ನ ಗೆಳತಿಯ ಮದುವೆಯಾಯಿತು. ಗಂಡಿನವರು ಬಾಗಲಕೋಟೆಯ ವಿದ್ಯಾಗಿರಿಯವರು, ಮದುವೆಯೂ ಅಲ್ಲಿಯೇ. ವಿಡಿಯೋ ಮಾತ್ರ ನಮ್ಮ ಮಾಲಕರದು. ಗೆಳತಿಯನ್ನು ಸಾಕಿ ಬೆಳೆಸಿದವಳು ಅವಳ ಅಜ್ಜಿ. ಮೊಮ್ಮಗಳು ಉಡುವ ಸೀರೆಯನ್ನು ಬೇರೆ ಯಾರೂ ಮುಟ್ಟಬಾರದೆಂದು ಹಟ ಹಿಡಿದು, ತಾನೇ ಮಗ್ಗದ ಕುಣಿಗಿಳಿದು ನೇಯ್ದಿದ್ದಳು. ಮದುವೆ ಇನ್ನೇನು ಬಂತು ಎನ್ನುವಾಗ ಅದೇ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ದವಾಖಾನೆಯವರು ಪಟ್ಟಿ ಕಟ್ಟಿ, ಹಾಸಿಗೆ ಬಿಟ್ಟು ಅಲ್ಲಾಡಕೂಡದು ಎಂದರು. ಅಜ್ಜಿ ಮದುವೆ ಮುಂದಕ್ಕೆ ಹಾಕಿರೆಂದಳು. ಗಂಡಿನವರು ಛತ್ರ ಹಿಡಿದಾಗಿದೆ, ಊರಿಗೆಲ್ಲ ಹೇಳಿಯಾಗಿದೆ ಎಂದರು. ಮದುವೆ ನಡೆದೇಹೋಯಿತು.

ಅಜ್ಜಿ ಮುನಿದಳು. ಎಂಥ ಮುನಿಸು ಅಂತೀರಿ! ಹೊಸ ಮದುಮಕ್ಕಳು ಕಾಲಿಗೆ ಬೀಳಲು ಬಂದರೆ ಗೋಡೆಯ ಕಡೆ ಮುಖ ತಿರುಗಿಸಿ, "ನನ್ನ ಬಿಟ್ಟು ಅಕ್ಕಿಕಾಳು ಹಾಕ್ಕೊಂಡೀರಿ. ಇನ್ನ ನಂದೇನ ಕೆಲಸ ಐತಿ? ನಡೀರಿ," ಎಂದಳಂತೆ. ಅಕ್ಕಿಕಾಳೆಂದರೆ ನಮ್ಮ ಕಡೆ ಅಕ್ಷತೆ. ಆಶೀರ್ವಾದವಿಲ್ಲ, ಮಾತೂ ಇಲ್ಲ. ಗೆಳತಿ ಅಲ್ಲಿಂದ ನೇರ ಸ್ಟುಡಿಯೋಕ್ಕೆ ಓಡಿ ಬಂದು ನನ್ನ ಎದುರು ಕೂತು ಹೋ ಎಂದು ಅತ್ತಳು.

"ನಮ್ಮ ಅಜ್ಜಿ ಕೈಲೆ ಅಕ್ಕಿಕಾಳು ಬೀಳಲಿಲ್ಲ ಅಂದ್ರ ನಂದು ಮದುವಿ ಆದಂಗ ಅಲ್ಲಲೇ. ನೀ ಎಲ್ಲಾರನೂ ಹಾರಸ್ತಿ, ನಮ್ಮಜ್ಜಿನ ಮದುವ್ಯಾಗ ಕರಕೊಂಡು ಬಾ. ನೋಡಿದ್ರರ ಸಿಟ್ಟು ಇಳೀತೈತಿ."

"ಹುಚ್ಚಿ, ಅಳಬ್ಯಾಡ. ತರ್ತೇನಿ," ಎಂದೆ. ಹೇಗೆ ತರುವುದೆಂದು ನನಗೇ ಗೊತ್ತಿರಲಿಲ್ಲ.

ಅಜ್ಜಿಯ ಒಂದೇ ಒಂದು ಒಳ್ಳೆಯ ಫೋಟೋ ನಮ್ಮಲ್ಲಿತ್ತು. ಹಿಂದೊಮ್ಮೆ ಮೊಮ್ಮಗಳು ಪುಸಲಾಯಿಸಿ ಸ್ಟುಡಿಯೋಕ್ಕೆ ಕರೆತಂದಾಗ ಬಿಳಿ ಪರದೆಯ ಮುಂದೆ ನಿಲ್ಲಿಸಿ ತೆಗೆದದ್ದು, ಸೊಂಟದಿಂದ ಮೇಲಕ್ಕೆ. ಮಾಲಕರು ದೀಪ ಸರಿಪಡಿಸುತ್ತ ತಡಮಾಡಿದ್ದಕ್ಕೆ ಅಜ್ಜಿ ಅವರತ್ತ ಹೊರಳಿ ಬಲಗೈ ಎತ್ತಿ ಬೈಯುತ್ತಿದ್ದಳು. ಆ ಕ್ಷಣಕ್ಕೇ ಫೋಟೋ ಬಿದ್ದಿತ್ತು. ಬೈಯಲು ಎತ್ತಿದ ಕೈಯಾದರೇನು, ಅಕ್ಕಿಕಾಳು ಹಾಕುವವರ ಕೈಯೂ ಹಾಗೇ ಇರುತ್ತದೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಬಿಳಿ ಪರದೆಯಲ್ಲವೇ, ಸುಲಭದ ಕೆಲಸ ಎಂದುಕೊಂಡು, ಬಿಳಿ ಬಣ್ಣವನ್ನೆಲ್ಲ ತೆಗೆ ಎಂದು ಕಂಪ್ಯೂಟರಿಗೆ ಒಂದೇ ಏಟಿಗೆ ಹೇಳಿದೆ. ಅದೂ ತೆಗೆಯಿತು, ಪುಣ್ಯಾತ್ಮ. ಅಜ್ಜಿಯನ್ನು ಮದುವೆಯ ಮಂಟಪದಲ್ಲಿಟ್ಟು ನೋಡಿದೆ. ಅಜ್ಜಿಯ ಹಣೆಯ ತುಂಬ ಮೂರು ಬೆರಳಿನ ವಿಭೂತಿ. ಅದೂ ಬಿಳಿಯೇ! ಹಣೆಯಲ್ಲಿ ಮೂರು ಉದ್ದನೆಯ ಕಿಂಡಿಗಳು ತೆರೆದು, ಅವುಗಳೊಳಗಿಂದ ಹಿಂದೆ ಕೂತ ಬೀಗರು ಹೋಳಿಗೆ ತಿನ್ನುವುದು ಕಾಣುತ್ತಿತ್ತು. ಕೂದಲೂ ಅರ್ಧ ಮಾಯ. ಮಾಲಕರು ಬಗ್ಗಿ ನೋಡಿ, "ಶಿವ ಶಿವಾ! ಅಜ್ಜೀನ ಕಿಡಕಿ ಮಾಡೀಯಲ್ಲಬೇ!" ಎಂದು ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಮತ್ತೆ ಮೊದಲಿನಿಂದ, ಮೌಸು ಹಿಡಿದು ಅಂಚಿನಗುಂಟ ಕೈಯಿಂದಲೇ ಬಿಡಿಸಿದೆ. ಕಿವಿಯ ಬುಗುಡಿ, ಸೆರಗಿನ ಮಡಿಕೆ, ಹಾರಾಡುವ ಒಂದೊಂದು ಬಿಳಿಗೂದಲು. ಕರೆಂಟು ಹೋದಾಗಲೆಲ್ಲ ಕೆಲಸವೂ ಹೋಗುತ್ತಿತ್ತು, ಕರೆಂಟಿನವರ ವಂಶಕ್ಕೆಲ್ಲ ಬೈದು ಮತ್ತೆ ಶುರು ಮಾಡುತ್ತಿದ್ದೆ. ಮೊಣಕೈಯಿಂದ ಮುಂದಿನ ಕೈಯನ್ನು ಬೇರೆ ಚಿತ್ರವಾಗಿ ಕತ್ತರಿಸಿಟ್ಟೆ, ಅದೊಂದೇ ಅಲ್ಲಾಡಬೇಕಲ್ಲ. ಮೊದಲ ಸಲ ತಿರುಗಿಸಿದಾಗ ಅದು ಮೊಣಕೈಯನ್ನು ಬಿಟ್ಟು ತನ್ನ ನಡುವನ್ನೇ ಹಿಡಿದು ಫ್ಯಾನಿನಂತೆ ಸುತ್ತಿತು. ತಿರುಗುವ ಬಿಂದುವನ್ನು ಮೊಣಕೈಗೆ ತಂದು ಕೂರಿಸಿದ ಮೇಲೆ ಕೈ ಮೆಲ್ಲಗೆ ಏಳುವುದನ್ನೂ ಇಳಿಯುವುದನ್ನೂ ಕಲಿಯಿತು. ಸೊಂಟದ ಕೆಳಗೆ ಏನೂ ಇಲ್ಲದ್ದು ಕಾಣಬಾರದೆಂದು ಮುಂದೊಂದು ಹೂವಿನ ಕುಂಡ ಇಟ್ಟೆ.

ಇನ್ನು ಅಕ್ಕಿಕಾಳು ಬೇಕಲ್ಲ? ನಮ್ಮ ಮನೆಯ ಅಡುಗೆಮನೆಯಿಂದ ಒಂದು ಹಿಡಿ ಅಕ್ಕಿ ತಂದು, ಅರಿಶಿನ ಕಲಸಿ, ಸ್ಕ್ಯಾನರಿನ ಗಾಜಿನ ಮೇಲೆ ಉದುರಿಸಿ, ಮೇಲೊಂದು ಕರಿ ಬಟ್ಟೆ ಮುಚ್ಚಿದೆ. ಮಾಲಕರು ಕೂಗಿಕೊಂಡರು. "ಏ ಮಾರಾಯ್ತಿ, ಮಷಿನ್ನಿಗೆ ಅಕ್ಕಿಕಾಳು ಹಾಕ್ತಾರೇನ? ಅದರ ಮದುವಿ ಮಾಡ್ತೀಯೇನ?" ನಾನು ಸ್ಕ್ಯಾನರಿನ ಗುಂಡಿ ಒತ್ತಿ, ಬಂದ ಕಾಳುಗಳನ್ನೂ ಬಿಡಿಸಿ ವಿಡಿಯೋಕ್ಕೆ ಸೇರಿಸಿದೆ. ಒಂದೊಂದೇ ಕಾಳು ಅಜ್ಜಿಯ ಕೈಯಿಂದ ಹಾರಿ ಗೆಳತಿಯ ತಲೆಯ ಮೇಲೆ ಬೀಳುವುದನ್ನು ನೋಡುತ್ತ ಕೂತಿದ್ದೆ. ನನ್ನ ಕೈಯಿಂದ ಇಂಥದ್ದಾಯಿತೇ ಎಂದು ನನಗೇ ನಂಬಿಕೆಯಾಗಲಿಲ್ಲ.

ಸಿ.ಡಿ. ತೆಗೆದುಕೊಂಡು ಮಧ್ಯಾಹ್ನವೇ ಅಜ್ಜಿಯ ಮನೆಗೆ ಹೋದೆ. ಗೆಳತಿಯೂ ಅವಳ ಗಂಡನೂ ಬಾಗಲಕೋಟೆಯಿಂದ ಬಂದಿದ್ದರು. ಓಣಿಯ ಹೆಂಗಸರು ಬಾಗಿಲು ತುಂಬ ಸೇರಿದ್ದರು. ಅಜ್ಜಿ ಮಂಚದ ಮೇಲೆ, ಮುಖ ಗೋಡೆಗೆ.

"ಅಜ್ಜಿ, ನೀ ಟೀವ್ಯಾಗ ಬಂದೀ ನೋಡಬೇ," ಎಂದರು ಯಾರೋ.

"ನಾ ಯಾಕ ಬರಲಿ? ನನ್ನ ಯಾರ ಕರದಿದ್ರು?" ಎಂದಳು ಗೋಡೆಗೇ.

ವಿಡಿಯೋ ಓಡಿತು. ಮಂಟಪ ಬಂತು, ಗಟ್ಟಿಮೇಳ ಜೋರಾಯಿತು, ಕುಂಡದ ಹಿಂದಿನಿಂದ ಅಜ್ಜಿ ಎದ್ದಳು. ಹೆಂಗಸರೆಲ್ಲ "ಅಯ್ಯ ನಮ್ಮವ್ವ!" ಎಂದು ಒಟ್ಟಿಗೆ ಕಿರುಚಿದರು. ಆ ಕಿರುಚಾಟಕ್ಕೆ ಅಜ್ಜಿ ತಾಳಲಾರದೆ ಕತ್ತು ಹೊರಳಿಸಿದಳು. ತೆರೆಯ ಮೇಲಿನ ಅಜ್ಜಿಯ ಕೈ ಎದ್ದಿತು, ಕಾಳು ಹಾರಿತು, ಮೊಮ್ಮಗಳ ತಲೆಯ ಮೇಲೆ ಬಿತ್ತು. ಮಂಚದ ಮೇಲಿನ ಅಜ್ಜಿ ಕಣ್ಣು ಮಿಟುಕಿಸದೆ ನೋಡಿದಳು.

"ನಿಂದರ್ಸು! ನಿಂದರ್ಸು ಅದನ!" ಎಂದು ಅಜ್ಜಿ ಗುಡುಗಿದಳು. "ಯಾವ ಕೈಲೆ ಹಾಕಿಸೀಯ ನನ್ನ ಕಡಿಂದ? ನೋಡಿಲ್ಲಿ! ಎಡಗೈ ಅಲ್ಲೇನ ಅದು?"

ನೋಡಿದೆ. ಹೌದು, ಎಡಗೈ! ಅಜ್ಜಿಯ ಮುಖ ಮದುಮಕ್ಕಳ ಕಡೆ ಇರಲೆಂದು ನಾನು ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿದ್ದೆ. ಮುಖದ ಜೊತೆ ಕೈಯೂ ಅದಲುಬದಲಾಗಿತ್ತು. ವಿಭೂತಿ ಉಳಿಸಿಕೊಂಡೆನೆಂಬ ಸಂಭ್ರಮದಲ್ಲಿ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ.

"ಎಡಗೈಲೆ ಅಕ್ಕಿಕಾಳು ಹಾಕಿದಾಕಿ ಅಂತ ಬಾಗಲಕೋಟಿ ತುಂಬ ತೋರಸ್ತೀರೇನ? ನಮ್ಮ ಕೂಸಿನ ಬಾಳೇವು ಏನಾಗಬೇಕ? ಇದು ನಡಿಯೂದಿಲ್ಲ, ಖರೇನ ಹೇಳ್ತೇನಿ. ಏ, ಅಕ್ಕಿ ತರ್ರಿ! ಅರಿಶಿಣ ಹಚ್ಚಿ ತರ್ರಿ! ನನ್ನ ಎಬ್ಬಿಸಿ ಕುಂಡ್ರಸ್ರಿ!"

ಮನೆಯಲ್ಲಿ ಓಡಾಟವೋ ಓಡಾಟ. ಯಾರೋ ತಟ್ಟೆ ತಂದರು, ಯಾರೋ ದಿಂಬು ಕೊಟ್ಟರು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮದುಮಕ್ಕಳನ್ನು ಮಂಚದ ಎದುರು ಚಾಪೆಯ ಮೇಲೆ ಜೋಡಿಯಾಗಿ ಕೂರಿಸಿದಳು. ಟೀವಿಯಲ್ಲಿ ನಿಂತಿದ್ದ ಗಟ್ಟಿಮೇಳವನ್ನು, "ಅದಷ್ಟು ಹಚ್ಚು, ಅದ ಬೇಕು," ಎಂದು ನನ್ನಿಂದಲೇ ಹಚ್ಚಿಸಿದಳು. ಆಮೇಲೆ ಬಲಗೈ ತುಂಬ ಅಕ್ಕಿ ಹಿಡಿದು, ಇಬ್ಬರ ತಲೆಯ ಮೇಲೂ ಸುರಿದಳು. ಗೆಳತಿ ಅಳುತ್ತಲೇ ನಗುತ್ತಿದ್ದಳು. ನಾನೂ ಗಳಗಳನೆ ಅತ್ತುಬಿಟ್ಟೆ. ಅಜ್ಜಿ ಖಾಲಿಯಾದ ಕೈಯನ್ನು ಮೊಮ್ಮಗಳ ತಲೆಯ ಮೇಲಿಟ್ಟು, ಬಹಳ ಹೊತ್ತು ತೆಗೆಯಲೇ ಇಲ್ಲ.

"ಹಾಂ," ಎಂದಳು ಕಡೆಗೆ, "ಈಗ ಆತು ನೋಡವ್ವ ನಿನ್ನ ಮದುವಿ."