ಎರಡನೆಯ ಭಾಗದ ಕೊನೆ

ನಾನು ಏಳನೇ ತರಗತಿಯಲ್ಲಿದ್ದಾಗ ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದಿದ್ದರು. ಅವರು ಹೊರಟುಹೋದ ಮೇಲೆ, ಆಗಿದ್ದು ಜಗಳವೋ ಒಪ್ಪಿಗೆಯೋ ಎಂದು ಅಪ್ಪ ಅಮ್ಮನನ್ನು ಕೇಳಿದರು, ಅಮ್ಮ ಅಜ್ಜಿಯನ್ನು ಕೇಳಿದರು, ಅಜ್ಜಿ ನನ್ನನ್ನು ಕೇಳಿದರು. ನನಗೆ ಆಗ ತಿಳಿಯಲಿಲ್ಲ. ಈಗ ತಿಳಿದಿದೆ ಎಂದರೂ ಸುಳ್ಳಾಗುತ್ತದೆ.

ಚಿಕ್ಕಮ್ಮ ಅಮ್ಮನ ತಂಗಿ. ತಾತ ತೀರಿಕೊಂಡ ಮೇಲೆ ಅಜ್ಜಿಯೂ ಅವಳೂ ನಮ್ಮ ಜೊತೆಯಲ್ಲೇ ಇದ್ದರು. ಜಯಲಕ್ಷ್ಮಿಪುರಂನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಅಜ್ಜಿಯ ಲಿಂಗಪೂಜೆ ಮುಗಿಯುವ ಹೊತ್ತಿಗೆ ಲೂನಾ ಹತ್ತಿ ಹೊರಟರೆ ಸಂಜೆ ಬರುವಾಗ ಬ್ಯಾಗಿನಲ್ಲಿ ಒಂದು ವಿಡಿಯೋ ಕ್ಯಾಸೆಟ್ ಇರುತ್ತಿತ್ತು. ಅಪ್ಪ ಯಾರಿಂದಲೋ ಕೊಂಡಿದ್ದ ಕ್ಯಾಸೆಟ್ ಹಾಕಿ ನೋಡುವ ಹಳೇ ವಿಸಿಪಿ ನಮ್ಮ ಮನೆಯಲ್ಲಿತ್ತು. ಅದನ್ನು ಅಪ್ಪ ಮುಟ್ಟಿದ್ದು ಕಡಿಮೆ.

ಚಿಕ್ಕಮ್ಮನ ಹುಚ್ಚು ಒಂದೇ ಸರಣಿಯದು. ನಕ್ಷತ್ರಗಳ ನಡುವೆ ಎರಡು ರಾಜ್ಯಗಳು ಹೊಡೆದಾಡುವ ಇಂಗ್ಲಿಷ್ ಸಿನಿಮಾಗಳು. ಆ ಹೊತ್ತಿಗೆ ನಾಲ್ಕು ಭಾಗ ಬಂದಿದ್ದವು. ನಾವು ಹೋಗುತ್ತಿದ್ದ ಕ್ಯಾಸೆಟ್ ಲೈಬ್ರರಿಯಲ್ಲಿ ಎರಡು, ಮೂರು, ನಾಲ್ಕು ಸಿಗುತ್ತಿದ್ದವು. ಮೊದಲನೆಯದನ್ನು ಕೇಳಿದಾಗಲೆಲ್ಲ ಲೈಬ್ರರಿಯವರು, “ಹೊರಗೆ ಹೋಗೈತೆ ಕಣಮ್ಮ, ಬಂದ್ಮೇಲೆ ಎತ್ತಿಟ್ಟಿರ್ತೀನಿ” ಎನ್ನುತ್ತಿದ್ದರು. ಅದು ಬರಲೇ ಇಲ್ಲ. ಹಾಗಾಗಿ ನಾವಿಬ್ಬರೂ ಕಥೆಯನ್ನು ನಡುವಿನಿಂದ ನೋಡಿದವರು. ಹಿಂದೆ ಏನಾಗಿತ್ತು ಎಂಬುದನ್ನು ಚಿಕ್ಕಮ್ಮ ಊಹಿಸಿ ನನಗೆ ಹೇಳುತ್ತಿದ್ದಳು. ಹಳೆಯ ಲ್ಯಾಬ್ ರೆಕಾರ್ಡಿನ ಕೊನೆಯ ಪುಟದಲ್ಲಿ ಸಿನಿಮಾಗಳಿಗೆ ತಾನು ಕೊಟ್ಟ ಸ್ಥಾನಗಳನ್ನೂ ಬರೆದಿಟ್ಟಿದ್ದಳು. ಇದ್ದದ್ದೇ ಮೂರು, ಅದರಲ್ಲೂ ಮೂರನೆಯದು ಮೇಲೋ ನಾಲ್ಕನೆಯದು ಮೇಲೋ ಎಂದು ತಿಂಗಳಿಗೊಮ್ಮೆ ಹೊಡೆದುಹಾಕಿ ತಿದ್ದುತ್ತಿದ್ದಳು. ತಲೆಯ ಮೇಲಿನ ಸ್ಥಾನ ಮಾತ್ರ ಕದಲಲಿಲ್ಲ. ಅದು ಎರಡನೆಯ ಭಾಗದ್ದು.

ಅದಕ್ಕೆ ಕಾರಣ ಅದರ ಕೊನೆ. ಬಿಳಿ ಗಡ್ಡದ ಮುದಿ ಪೈಲಟ್ ಒಬ್ಬ ಎಲ್ಲರನ್ನೂ ಸಣ್ಣ ಸಣ್ಣ ನೌಕೆಗಳಲ್ಲಿ ಕಳಿಸಿ, ಒಡೆದ ದೊಡ್ಡ ಹಡಗಿನಲ್ಲಿ ತಾನೊಬ್ಬನೇ ಉಳಿಯುತ್ತಾನೆ. ಹಡಗಿನ ದೀಪಗಳು ಒಂದೊಂದಾಗಿ ಆರುತ್ತವೆ. ಅಷ್ಟರಲ್ಲಿ ಚಿತ್ರ ಒಮ್ಮೆ ಅಲ್ಲಾಡಿ ಬಿಳಿ ಗೆರೆ ಮೂಡುತ್ತದೆ. ಆಮೇಲೆ ನೋಡಿದರೆ ಅದೇ ಪೈಲಟ್ ಯಾವುದೋ ಊರಿನ ಕಲ್ಲಿನ ಮೆಟ್ಟಿಲು ಹತ್ತಿ ಬಾಗಿಲು ಬಡಿಯುತ್ತಿದ್ದಾನೆ. ಹಿಟ್ಟಿನ ಕೈಯಲ್ಲೇ ಒಬ್ಬ ಹೆಂಗಸು ಬಾಗಿಲು ತೆರೆದು ಅವನನ್ನು ಸುಮ್ಮನೆ ನೋಡುತ್ತಾಳೆ. ಅಲ್ಲಿಗೆ ಮುಗಿಯಿತು. ಚಿಕ್ಕಮ್ಮ ಪ್ರತಿಸಲವೂ ಆ ಹೆಂಗಸಿನ ಮುಖ ಕಂಡ ತಕ್ಷಣ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೆಟ್ಟಿಲು ಹತ್ತುವಾಗ ಪೈಲಟ್ಟಿಗೆ ಗಡ್ಡವಿರಲಿಲ್ಲ, ಕೂದಲೂ ಕಪ್ಪಗಿತ್ತು. ನಾನು ಅದನ್ನು ಕೇಳಿದಾಗ ಅವಳು, “ಬೆಳಕಿನಷ್ಟು ಜೋರಾಗಿ ಹೋದ್ರೆ ವಯಸ್ಸು ನಿಂತ್ಹೋಗುತ್ತೆ ಕಣೇ. ಅದು ಫಿಸಿಕ್ಸು” ಎಂದಿದ್ದಳು. ಲ್ಯಾಬಿನಲ್ಲಿ ಕೆಲಸ ಮಾಡುವವಳು ಹೇಳಿದ ಮೇಲೆ ನಾನು ಒಪ್ಪಿದೆ.

ಗಂಡಿನ ಮನೆಯವರದು ಕನ್ನಡಕದ ಅಂಗಡಿ. ಮಠದಲ್ಲಿ ಅಜ್ಜಿಗೆ ಪರಿಚಯವಾಗಿದ್ದವರೊಬ್ಬರು ತಂದ ಸಂಬಂಧ. ಹುಡುಗ ತೆಳ್ಳಗಿದ್ದರು, ಅವರಿಗೂ ದಪ್ಪ ಗಾಜಿನ ಕನ್ನಡಕ. ಅಮ್ಮ ನನ್ನ ಕಿವಿಯಲ್ಲಿ, “ಇವತ್ತು ಏನೂ ಕರೀಬೇಡ, ಆದ್ರೆ ಮುಂದೆ ಚಿಕ್ಕಪ್ಪ ಅನ್ಬೇಕಾಗುತ್ತೆ” ಎಂದಿದ್ದರು. ಕೇಸರಿಬಾತು, ಖಾರಾಬಾತು ಆಯಿತು. ಹುಡುಗನ ತಾಯಿ, “ಹಾಡ್ತೀಯೇನಮ್ಮ?” ಎಂದು ಕೇಳಿದರು. ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸಿದಳು. ಆಗ ಹುಡುಗ ಟಿವಿಯ ಮೇಲಿದ್ದ ಕ್ಯಾಸೆಟ್ ನೋಡಿಬಿಟ್ಟರು.

“ಇದನ್ನ ಯಾರು ನೋಡೋದು?”

“ನಾನೇ,” ಎಂದಳು ಚಿಕ್ಕಮ್ಮ.

“ನಾಲ್ಕರಲ್ಲಿ ಎರಡನೇದೇ ಎಲ್ಲಕ್ಕಿಂತ ಚೆನ್ನಾಗಿರೋದು, ಅಲ್ವ?”

ಚಿಕ್ಕಮ್ಮ ಮೊದಲ ಬಾರಿಗೆ ತಲೆಯೆತ್ತಿದಳು. “ಹೂಂ. ಅದರ ಮುಂದೆ ಬೇರೆ ಯಾವುದೂ ಇಲ್ಲ.”

ಅಮ್ಮ ಅಪ್ಪನ ಕಡೆ ನೋಡಿ ಮುಗುಳ್ನಕ್ಕರು. ಮದುವೆ ಅಲ್ಲಿಗೇ ಮುಗಿದಂತೆ ಅವರಿಗೆ ಕಂಡಿರಬೇಕು.

“ಕೊನೇಲಿ ಆ ಪೈಲಟ್ ಸಾಯ್ತಾನಲ್ಲ, ಅದನ್ನ ತೋರಿಸೋಕೆ ಧೈರ್ಯ ಬೇಕು,” ಎಂದರು ಹುಡುಗ.

“ಸಾಯೋದಾ? ಎಲ್ಲಿ ಸಾಯ್ತಾನೆ? ವಾಪಸ್ ಬರ್ತಾನಲ್ಲ!”

“ಬರಲ್ಲ. ನಾನು ನಾಲ್ಕು ಸಲ ನೋಡಿದ್ದೀನಿ.”

“ನಾನು ಲೆಕ್ಕ ಇಟ್ಟಿಲ್ಲ, ಅಷ್ಟು ಸಲ ನೋಡಿದ್ದೀನಿ. ಮನೆ ಬಾಗಿಲು ಬಡೀತಾನೆ. ಅವನ ಹೆಂಡತಿ ಬಂದು ತೆಗೀತಾಳೆ.”

“ಅದು ಮೊದಲನೇ ಭಾಗದಲ್ಲಿ ಬರೋದು ಕಣ್ರೀ! ಹೋಗ್ಲಿ, ನೀವು ಹೇಳೋ ಪೈಲಟ್ಟಿಗೆ ಗಡ್ಡ ಇತ್ತಾ?”

“ಇರಲಿಲ್ಲ. ಅಷ್ಟು ವೇಗದಲ್ಲಿ ಬಂದ್ರೆ ವಯಸ್ಸು ಆಗಲ್ಲ.”

“ವಯಸ್ಸು ಆಗ್ದೇ ಇರಬಹುದು. ವೇಗ ಬಂದು ಗಡ್ಡ ಬೋಳಿಸುತ್ತಾ?”

ಮುಕ್ಕಾಲು ಗಂಟೆ ಹೀಗೇ ನಡೆಯಿತು. ಇಬ್ಬರೂ ಧ್ವನಿ ಎತ್ತರಿಸಿದ್ದರು, ಇಬ್ಬರ ಕಾಫಿಯೂ ಆರಿಹೋಗಿತ್ತು. ಹುಡುಗನ ತಾಯಿ ನಡುವೆ ಒಮ್ಮೆ, “ಯಾರಪ್ಪ ಸತ್ತಿದ್ದು?” ಎಂದು ಗಾಬರಿಯಿಂದ ಕೇಳಿದರು. ಹೊರಡುವಾಗ ಹುಡುಗ ಚಿಕ್ಕಮ್ಮನಿಗೆ ಹೋಗಿಬರುತ್ತೇನೆಂದೂ ಹೇಳದೆ, “ನಾನು ತೋರಿಸ್ತೀನಿ ಇರಿ” ಎಂದು ಚಪ್ಪಲಿ ಮೆಟ್ಟಿದರು. ಅಜ್ಜಿ ತಲೆಯ ಮೇಲೆ ಕೈಹೊತ್ತು, “ಹೆಣ್ಣು ನೋಡಾಕೆ ಬಂದೋರು ಎಂಗೆ ಕಚ್ಚಾಡ್ಬುಟ್ರಲ್ಲ, ಶಿವನೇ” ಎಂದರು. ಚಿಕ್ಕಮ್ಮನ ಮುಖ ಮಾತ್ರ ಹಬ್ಬದ ದಿನದಂತಿತ್ತು.

ಎರಡು ವಾರದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹುಡುಗ ಒಬ್ಬರೇ ಬಂದರು. ಬೆಂಗಳೂರಿನ ಸ್ನೇಹಿತರಿಂದ ತರಿಸಿದ ಎರಡನೆಯ ಭಾಗದ ಕ್ಯಾಸೆಟ್ ಕೈಯಲ್ಲಿತ್ತು. ಬಂದವರನ್ನು ಬೇಡವೆನ್ನುವುದು ಹೇಗೆಂದು ತಿಳಿಯದೆ ಅಪ್ಪ ಒಳಗೆ ಕರೆದರು. ಎಲ್ಲರೂ ಕೂತು ನೋಡಿದೆವು, ಅಜ್ಜಿಯೂ. ಗೆರೆ ಬರುವ ಜಾಗದಲ್ಲಿ ಗೆರೆ ಬರಲಿಲ್ಲ. ದೀಪಗಳೆಲ್ಲ ಆರಿದವು, ಪೈಲಟ್ ಕತ್ತಲಲ್ಲಿ ಕೂತ, ಹಡಗು ಚುಕ್ಕೆಯಾಯಿತು, ಹೆಸರುಗಳು ಮೇಲೇರತೊಡಗಿದವು. ಬಾಗಿಲು ಇಲ್ಲ, ಹೆಂಗಸೂ ಇಲ್ಲ.

ಗೆದ್ದವರ ಹಾಗೆ ಹುಡುಗ ನಗಲಿಲ್ಲ. ಚಿಕ್ಕಮ್ಮನನ್ನು ನೋಡಿ, “ಬೇಜಾರು ಮಾಡ್ಕೋಬೇಡಿ” ಎಂದರು. ಅವಳು ಎದ್ದು ನಮ್ಮ ಲೈಬ್ರರಿಯ ಕ್ಯಾಸೆಟ್ ತಂದು, ಅದರ ಅಂಚಿನ ಮುಚ್ಚಳ ಎತ್ತಿ, ಚಕ್ರಕ್ಕೆ ಪೆನ್ಸಿಲ್ ಹಾಕಿ ಟೇಪನ್ನು ತಿರುಗಿಸುತ್ತ ಕೂತಳು. ಬಹಳ ಹೊತ್ತಿನ ಮೇಲೆ ಸಿಕ್ಕಿತು. ಕಂದು ಟೇಪಿನ ಎರಡು ತುದಿಗಳನ್ನು ಸೇರಿಸಿ ಅಂಟಿಸಿದ್ದ ಗುಲಗಂಜಿಯಷ್ಟು ಸೆಲ್ಲೋಟೇಪು.

ಮರುದಿನ ಅವಳ ಜೊತೆ ನಾನೂ ಲೈಬ್ರರಿಗೆ ಹೋದೆ. ಲೈಬ್ರರಿಯವರು ಕೈ ಹಿಸುಕಿಕೊಂಡರು.

“ಎರಡನೇದರ ಕೊನೆ ಯಾರದೋ ಮೆಷೀನ್ನಲ್ಲಿ ಸಿಕ್ಕಾಕ್ಕೊಂಡು ಹರಿದೋಯ್ತು ಕಣಮ್ಮ. ಮೊದಲನೇದಕ್ಕೆ ಹೆಂಗೂ ಫಂಗಸ್ ಹಿಡಿದಿತ್ತು. ಅದರಲ್ಲಿ ಚೆಂದಾಗಿದ್ದ ತುಂಡು ತೆಗೆದು ಇದಕ್ಕೆ ಅಂಟಿಸ್ಬುಟ್ಟೆ. ಬರೀ ಕತ್ತಲಲ್ಲಿ ಮುಗಿದ್ರೆ ಜನ ನನ್ನ ಬೈತಾರಲ್ಲ. ಇಷ್ಟು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ.”

ಅಂದರೆ ಚಿಕ್ಕಮ್ಮ ಅಷ್ಟು ಸಲ ಅತ್ತದ್ದು ಕಥೆಯ ಶುರುವಿಗೆ. ಪೈಲಟ್ ಇನ್ನೂ ಯುವಕನಾಗಿದ್ದಾಗ ಒಂದು ದಿನ ಮನೆಗೆ ಬಂದದ್ದನ್ನು, ಎಲ್ಲ ಮುಗಿದ ಮೇಲೆ ಬಂದನೆಂದು ನಾವು ನಂಬಿದ್ದೆವು.

ಇಲ್ಲಿಂದ ಮುಂದೆ ನನ್ನ ಗೊಂದಲ ಹೆಚ್ಚುತ್ತದೆ. ಹುಡುಗ ನಮ್ಮ ಅಂಟಿಸಿದ ಕ್ಯಾಸೆಟ್ಟನ್ನು ಕೇಳಿ ತೆಗೆದುಕೊಂಡು ಹೋಗಿ ನೋಡಿದರು. ಹಿಂದಿರುಗಿಸಲು ಬಂದಾಗ ಗೇಟಿನಲ್ಲೇ ನಿಂತು, “ನಿಮ್ಮದೇ ಚೆನ್ನಾಗಿದೆ ಕಣ್ರೀ. ಸತ್ತ ಮೇಲೆ ಅವನು ಮನೆಗೆ ಬಂದ ಹಾಗಾಯ್ತು. ಸಿನಿಮಾ ಮಾಡಿದವರಿಗೇ ಇದು ಹೊಳೀಲಿಲ್ಲ” ಎಂದರು. ಅಷ್ಟು ದಿನದಲ್ಲಿ ಚಿಕ್ಕಮ್ಮನೂ ಬದಲಾಗಿದ್ದಳು. “ಇಲ್ಲ, ನಿಮ್ಮದೇ ಸರಿ. ಅವನು ಬರಬಾರದು. ಬಂದ್ರೆ ಅಲ್ಲಿ ಉಳಿದಿದ್ದಕ್ಕೆ ಏನು ಅರ್ಥ?” ಎಂದಳು. ಮತ್ತೆ ವಾದ ಶುರುವಾಯಿತು. ಮೊದಲ ದಿನ ಅವಳು ಆಡಿದ ಮಾತನ್ನು ಇವರು ಆಡುತ್ತಿದ್ದರು, ಇವರ ಮಾತನ್ನು ಅವಳು. ಅಜ್ಜಿ ಕಿಟಕಿಯಿಂದ ನೋಡುತ್ತ, “ಈಗೇನಂತೆ, ಬದುಕವ್ನಾ ಸತ್ತವ್ನಾ?” ಎಂದು ನನ್ನನ್ನು ಕೇಳಿದರು.

ಅದೇ ವಾರ ಉತ್ತರ ಹೇಳಬೇಕಿತ್ತು. ಊಟಕ್ಕೆ ಕೂತಾಗ ಅಪ್ಪ ಕೇಳಿದರು.

“ಏನಮ್ಮ, ಅವರಿಗೆ ಏನು ಹೇಳ್ಲಿ?”

“ಬೇಡ ಅಂತ ಹೇಳಿ ಭಾವ.”

ಅಮ್ಮ ಸಾರಿನ ಸೌಟನ್ನು ಹಿಡಿದ ಹಾಗೇ ನಿಂತರು. “ಯಾಕೆ? ಹುಡುಗನಲ್ಲಿ ಏನು ಕೊರತೆ?”

“ಏನೂ ಇಲ್ಲ. ತುಂಬ ಒಳ್ಳೆಯವರು.”

“ಮತ್ತೆ?”

“ಬೇಡ ಅಕ್ಕ.”

ಅವಳು ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಮಜ್ಜಿಗೆ ಅನ್ನ ಕಲಸಿ ಊಟ ಮುಗಿಸಿದಳು. ಅಪ್ಪ ಮರುದಿನ ಮಠದ ಪರಿಚಯದವರಿಗೆ ವಿಷಯ ತಿಳಿಸಲು ಹೋದರೆ, ಅವರು ಅಪ್ಪನಿಗಿಂತ ಮೊದಲೇ ಸಂಕೋಚದಿಂದ, “ಹುಡುಗನಿಗೆ ಯಾಕೋ ಮನಸ್ಸಿಲ್ಲವಂತೆ, ತಪ್ಪು ತಿಳೀಬೇಡಿ” ಎಂದರಂತೆ. ಅಪ್ಪ ತಾವು ಹೇಳಲು ಹೋದದ್ದನ್ನು ಹೇಳಲೇ ಇಲ್ಲ. ಮನೆಗೆ ಬಂದು ನಡೆದದ್ದು ಹೇಳಿದಾಗ ಚಿಕ್ಕಮ್ಮ, “ಹೌದಾ?” ಎಂದು ನಕ್ಕಳು. ಆ ನಗುವಿನಲ್ಲಿ ನೋವಿತ್ತೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಮುರಿದ ಸಂಬಂಧ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಚಿಕ್ಕಮ್ಮನಿಗೆ ಕನ್ನಡಕ ಬಂತು, ಅದನ್ನು ಅವಳು ಅವರ ಅಂಗಡಿಯಲ್ಲೇ ಮಾಡಿಸಿದಳು. ಫ್ರೇಮು ಸಡಿಲವಾಯಿತೆಂದು, ಸ್ಕ್ರೂ ಬಿತ್ತೆಂದು ಆಗಾಗ ಹೋಗುತ್ತಿದ್ದಳು, ನನ್ನನ್ನೂ ಕರೆದುಕೊಂಡು. ಗಾಜಿನ ಕೌಂಟರಿನ ಈಚೆ ಅವಳು, ಆಚೆ ಅವರು. ನಡುವೆ ಮೂರನೆಯ ಭಾಗ, ನಾಲ್ಕನೆಯ ಭಾಗ. ವರ್ಷದೊಳಗೆ ಅವರಿಗೆ ಬೇರೆ ಕಡೆ ಮದುವೆಯಾಯಿತು. ನಾವೆಲ್ಲ ಹೋಗಿ ಊಟ ಮಾಡಿ ಬಂದೆವು. ಆಮೇಲೂ ಚಿಕ್ಕಮ್ಮ ಅಂಗಡಿಗೆ ಹೋದಳು. ಆತನ ಹೆಂಡತಿ ಸಂಜೆ ಹೊತ್ತು ಅಂಗಡಿಯಲ್ಲೇ ಇರುತ್ತಿದ್ದರು. ಸ್ಟೂಲು ಎಳೆದು ಚಿಕ್ಕಮ್ಮನನ್ನು ಕೂರಿಸುತ್ತಿದ್ದರು. ಚಿಕ್ಕಪ್ಪ ಆಗಬೇಕಿದ್ದವರನ್ನು ಏನೆಂದು ಕರೆಯುವುದೋ ತಿಳಿಯದೆ ನಾನು ಅಂಕಲ್ ಎಂದೆ.

ನಾನು ಕಾಲೇಜು ಸೇರಿದ ಹೊತ್ತಿಗೆ ಆ ಸರಣಿಯ ಹೊಸ ಸಿನಿಮಾ ಮೈಸೂರಿನ ಥಿಯೇಟರಿಗೇ ಬಂತು. ಹಳೆಯ ನಾಲ್ಕಕ್ಕೂ ಹಿಂದಿನ ಕಥೆಯಂತೆ. ಪೋಸ್ಟರಿನಲ್ಲಿ ‘ಭಾಗ ಒಂದು’ ಎಂದಿತ್ತು. ಇನ್ನೂ ಎರಡು ಬರುತ್ತವೆಂದೂ, ಆಮೇಲೆ ನಮ್ಮ ಮೊದಲನೆಯದು ನಾಲ್ಕನೆಯದಾಗುತ್ತದೆಂದೂ ಅಂಕಲ್ ವಿವರಿಸಿದರು. ಚಿಕ್ಕಮ್ಮ, ನಾನು, ಅಂಕಲ್, ಅವರ ಹೆಂಡತಿ, ನಾಲ್ವರೂ ಮ್ಯಾಟಿನಿಗೆ ಹೋದೆವು. ಇಂಟರ್ವಲ್ಲಿನಲ್ಲಿ ಆತನ ಹೆಂಡತಿ ಚುರುಮುರಿ ತಿನ್ನುತ್ತ, “ಹಂಗಾದ್ರೆ ನೀವಿಬ್ಬರೂ ಇಷ್ಟು ವರ್ಷ ಕಿತ್ತಾಡಿದ ಎರಡನೇದು ಈಗ ಐದನೇದಾ?” ಎಂದು ಕೇಳಿದರು. ಹೌದೆಂದರು ಅಂಕಲ್. ಇಲ್ಲ, ಅದು ಯಾವತ್ತೂ ಎರಡನೆಯದೇ ಎಂದಳು ಚಿಕ್ಕಮ್ಮ. ಸಿನಿಮಾ ಮುಗಿದು ಹೊರಬಂದಾಗ ಇಬ್ಬರೂ ಈ ಹೊಸದನ್ನು ಕೊನೆಯ ಸ್ಥಾನಕ್ಕೆ ತಳ್ಳಿದರು. ಆತನ ಹೆಂಡತಿಗೆ ಮಾತ್ರ ಬಹಳ ಹಿಡಿಸಿತ್ತು. “ಇದೊಂದೇ ನನಗೆ ಅರ್ಥ ಆಗಿದ್ದು” ಎಂದರು.

ಅಂದು ಸ್ಕೂಟರ್ ಸ್ಟ್ಯಾಂಡಿನ ಹತ್ತಿರ ಅವರು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು. “ನಿಮ್ಮ ಚಿಕ್ಕಮ್ಮನೂ ಅವತ್ತು ಬೇಡ ಅಂದಿದ್ರಂತೆ, ಅವರೇ ಒಂದ್ಸಲ ಹೇಳಿದ್ರು. ಯಾಕೆ ಅಂತ ನಿನಗೇನಾದ್ರೂ ಗೊತ್ತಾ? ಇವರು ಹೇಳ್ತಾರೆ, ‘ಆಕೆ ಬೇಡ ಅಂತಾರೆ ಅಂತ ನನಗೆ ಮೊದಲೇ ತಿಳಿದೋಗಿತ್ತು, ಅದಕ್ಕೇ ನಾನೇ ಮುಂಚೆ ಬೇಡ ಅಂತ ಹೇಳಿಬಿಟ್ಟೆ’ ಅಂತ.” ನನಗೆ ಗೊತ್ತಿಲ್ಲವೆಂದೆ. ಅವರಿಗೆ ಹೊಟ್ಟೆಕಿಚ್ಚು ಇತ್ತೋ, ಬರೀ ಕುತೂಹಲವೋ, ಅದೂ ತಿಳಿಯಲಿಲ್ಲ. ಆಮೇಲೆ ಅವರೇ ಹೋಗಿ ಗಾಡಿಗಳ ನಡುವೆ ಸಿಕ್ಕಿಕೊಂಡಿದ್ದ ಚಿಕ್ಕಮ್ಮನ ಲೂನಾವನ್ನು ಹಿಂದಿನಿಂದ ಎಳೆದು ಬಿಡಿಸಿಕೊಟ್ಟರು.

ಚಿಕ್ಕಮ್ಮನನ್ನು ನಾನು ನೇರವಾಗಿ ಕೇಳಿದ್ದು ಇನ್ನೂ ಕೆಲವು ವರ್ಷ ಕಳೆದ ಮೇಲೆ, ನಾನು ಎಂ.ಎ. ಮುಗಿಸುವ ಹೊತ್ತಿನಲ್ಲಿ. ಅಜ್ಜಿ ಆಗ ಇರಲಿಲ್ಲ. ಬೇರೆ ಗಂಡುಗಳೂ ಬಂದು ಹೋಗಿದ್ದವು. ಅವಳು ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಇಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಹಿಂದಿನ ದಿನವಷ್ಟೇ ಹೊಸ ಮೂರರಲ್ಲಿ ಕೊನೆಯದನ್ನು ನೋಡಿದ್ದೆವು. ಕೊನೆಗೂ ನೋಡಲು ಸಿಕ್ಕಿದ್ದ ಹಳೆಯ ಮೊದಲನೆಯದೂ ಸೇರಿ ಏಳು ಸಿನಿಮಾಗಳಿಗೆ ಯಾವ ಸ್ಥಾನ ಕೊಡಬೇಕೆಂದು ಅವಳು ಬೆರಳು ಮಡಿಸುತ್ತಿದ್ದಳು.

“ಚಿಕ್ಕಮ್ಮ, ಅವತ್ತು ಅಂಕಲ್‌ನ ಯಾಕೆ ಬೇಡ ಅಂದೆ?”

ಅವಳು ಮಡಿಸಿದ ಬೆರಳುಗಳನ್ನು ಹಾಗೇ ಹಿಡಿದು ಸ್ವಲ್ಪ ದೂರ ನಡೆದಳು. ಮರೆಮಾಚುವ ಮುಖವಾಗಿರಲಿಲ್ಲ ಅದು. ನಿಜವಾಗಿ ಹುಡುಕುತ್ತಿದ್ದಳು.

“ಅವತ್ತು ಕಾರಣ ಇತ್ತು ಕಣೇ. ಸರಿಯಾದ ಕಾರಣವೇ ಇತ್ತು. ಈಗ ಎಷ್ಟು ಯೋಚನೆ ಮಾಡಿದ್ರೂ ಏನು ಅಂತ ಹೊಳೀತಿಲ್ಲ.”

“ಬೇಜಾರಾಗಲ್ವಾ?”

“ಯಾವುದಕ್ಕೆ? ಬೇಡ ಅಂದಿದ್ದಕ್ಕಾ, ಮರೆತಿದ್ದಕ್ಕಾ?”

ಅವಳು ಉತ್ತರಕ್ಕೆ ಕಾಯಲಿಲ್ಲ. ಮೂರನೆಯದನ್ನು ನಾಲ್ಕನೆಯದಕ್ಕಿಂತ ಮೇಲಿಟ್ಟರೆ ಹೇಗೆ ಎಂದು ಕೇಳಿದಳು. ಹಳೆಯ ಲೆಕ್ಕದ ಮೂರನೆಯದೋ ಹೊಸ ಲೆಕ್ಕದ್ದೋ ಎಂದು ನಾನು ಕೇಳಿದೆ. ಅದನ್ನು ಇತ್ಯರ್ಥ ಮಾಡಿಕೊಳ್ಳುವಷ್ಟರಲ್ಲಿ ನಾವು ಗೇಟು ದಾಟಿ ರಸ್ತೆಗೆ ಬಂದಿದ್ದೆವು.